ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ: ಏನಿದು ತಾರತಮ್ಯದ ಮಾತು? ಬಳಸುವುದು ಯಾವಾಗ?

ಬಜೆಟ್ ಮಂಡನೆಯಾದ ಮರುದಿನ, ಚುನಾವಣೆ ಟಿಕೆಟ್ ಪಟ್ಟಿ ಹೊರಬಿದ್ದ ಸಂಜೆ, ಮನೆಯಲ್ಲಿ ಆಸ್ತಿ ಪಾಲಾಗುವ ಹೊತ್ತು. ಇಂಥ ಸಂದರ್ಭಗಳಲ್ಲಿ ಕನ್ನಡಿಗರ ಬಾಯಲ್ಲಿ ತಪ್ಪದೇ ಬರುವ ಮಾತು 'ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ'. ಸಮಾನವಾಗಿ ನೋಡಬೇಕಾದವರೇ ಒಬ್ಬರನ್ನು ಮುದ್ದಿಸಿ, ಇನ್ನೊಬ್ಬರಿಗೆ ನೋವು ಕೊಟ್ಟರೆ ಹೀಗೆನ್ನುತ್ತಾರೆ.

ಬೆಣ್ಣೆ ತಂಪು. ಸುಣ್ಣ ಹಾಗಲ್ಲ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಪ್ರಬಲ ಕ್ಷಾರ. ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. (ಅಕಸ್ಮಾತ್ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು.) ಆದರೆ ನೋಡಲು ಎರಡೂ ಬೆಳ್ಳಗೆ. ದೂರದಿಂದ ನೋಡಿದವರಿಗೆ ಇಬ್ಬರಿಗೂ ಒಂದೇ ಸಿಕ್ಕಿದಂತೆ ಕಾಣುತ್ತದೆ, ಉರಿ ಗೊತ್ತಾಗುವುದು ಹಚ್ಚಿಸಿಕೊಂಡವರಿಗೆ ಮಾತ್ರ.

ಇನ್ನೂ ಮುಖ್ಯವಾದದ್ದು, ಎರಡು ಕಣ್ಣೂ ಒಂದೇ ಮುಖದವು. 'ಮಲತಾಯಿ ಧೋರಣೆ' ಎಂದಾಗ 'ನಾವು ಅವರ ಸ್ವಂತ ಮಕ್ಕಳಲ್ಲ' ಎಂಬ ದೂರಿರುತ್ತದೆ. ಜೊತೆಗೆ ಎಲ್ಲ ಮಲತಾಯಂದಿರ ಮೇಲೂ ಸುಮ್ಮನೆ ಅಪವಾದ. ಬೆಣ್ಣೆ-ಸುಣ್ಣದ ಮಾತು 'ನಾವೂ ನಿಮ್ಮವರೇ ಅಲ್ಲವೇ?' ಎಂದು ಕೇಳುತ್ತದೆ.

ತೆರಿಗೆ ಪಾಲಿನ ಜಗಳವನ್ನೇ ನೋಡಿ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಅವಧಿಯಲ್ಲಿ ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಇದನ್ನು ಅನ್ಯಾಯವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಒಂದೇ ಒಕ್ಕೂಟದ ರಾಜ್ಯಗಳ ನಡುವಿನ ಹಂಚಿಕೆಯ ದೂರಾದ್ದರಿಂದ ಗಾದೆ ಇಲ್ಲಿ ಒಪ್ಪುತ್ತದೆ. ಆದರೆ ಬೆಂಗಳೂರಿಗೆ ಬೆಣ್ಣೆ, ತಮಗೆ ಸುಣ್ಣ ಎಂದು ಉತ್ತರ ಕರ್ನಾಟಕದವರು ರಾಜ್ಯ ಸರ್ಕಾರವನ್ನೂ ಇದೇ ಮಾತಿನಲ್ಲಿ ಕೇಳುತ್ತಾರೆ!

ಚೆನ್ನೈ ಕನ್ನಡಿಗರಿಗೆ ಈ ಮಾತು ತಮಿಳಿನಲ್ಲೂ ಕಿವಿಗೆ ಬಿದ್ದಿರುತ್ತದೆ. ಅಲ್ಲಿ 'ವೆಣ್ಣೈ', 'ಸುಣ್ಣಾಂಬು'. ಹಿಂದಿಯ 'ಸೌತೇಲಾ ವ್ಯವಹಾರ್', ಮರಾಠಿಯ 'ಸಾಪತ್ನ ವಾಗಣೂಕ್' ಮಲತಾಯಿ ಸಾಲಿಗೆ ಸೇರಿದವು.

ಅನ್ಯಾಯ ಕಂಡಲ್ಲೆಲ್ಲ ಇದನ್ನು ಬಳಸಲಾಗದು. ತಾಲ್ಲೂಕಿನ ಒಂದೇ ಒಂದು ಶಾಲೆಗೂ ಅನುದಾನ ಬರದಿದ್ದರೆ ಅದು ನಿರ್ಲಕ್ಷ್ಯ. ಪಕ್ಕದೂರಿನ ಶಾಲೆಗೆ ಬಂದು ನಮ್ಮೂರಿನ ಶಾಲೆಗೆ ಬರಲಿಲ್ಲವೆಂದರೆ ಆಗ ಬೆಣ್ಣೆ-ಸುಣ್ಣದ ಮಾತು ತೆಗೆಯಬಹುದು.