ಪಾವಿನಿಂದ ಗ್ರಾಂಗೆ: ಧಾನ್ಯದ ಅಳತೆಯನ್ನು ತೂಕಕ್ಕೆ ತರುವ ಬಗೆ

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಅಕ್ಕಿ, ಬೇಳೆಗಳನ್ನು ಕ್ವಿಂಟಾಲ್ ಲೆಕ್ಕದಲ್ಲಿ ಕೊಳ್ಳುವ ಹೋಟೆಲಿನವರು, ಅಡುಗೆ ಗುತ್ತಿಗೆದಾರರು ಹಾಗೂ ಸಿದ್ಧ ಮಿಶ್ರಣಗಳ ಸಣ್ಣ ತಯಾರಕರಲ್ಲಿ ಅನೇಕರು ಅಡುಗೆಮನೆಗೆ ಬಂದೊಡನೆ ಪಾವು, ಸೇರಿನ ಲೆಕ್ಕಕ್ಕೆ ಮರಳುತ್ತಾರೆ. ಕೊಳ್ಳುವುದು ತೂಕದಲ್ಲಿ, ಬೇಯಿಸುವುದು ಅಳತೆಯಲ್ಲಿ. ಈ ಎರಡು ಲೆಕ್ಕಗಳು ತಾಳೆಯಾಗದ ಕಡೆ ಲಾಭ ಸೋರಿಹೋಗುತ್ತದೆ. ರುಚಿಯೂ ದಿನಕ್ಕೊಂದು ಬಗೆಯಾಗುತ್ತದೆ.

ಸೇರು ಒಂದೇ ಅಲ್ಲ

ಹಳೆಯ ಮೈಸೂರು ಸೀಮೆಯಲ್ಲಿ ನಾಲ್ಕು ಪಾವಿಗೆ ಒಂದು ಸೇರು. ಧಾನ್ಯದ ಮಟ್ಟಿಗೆ ಇದು ಪಾತ್ರೆಯ ಅಳತೆ. ಆದರೆ ಸೇರು ಎಂಬುದು ತೂಕದ ಹೆಸರೂ ಹೌದು. 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ ಆದರೆ, 80 ತೊಲದ ಸೇರು 933 ಗ್ರಾಂ. ಆದ್ದರಿಂದ ಹಿರಿಯರ ಪಾಕಪಟ್ಟಿಯಲ್ಲಿ 'ಒಂದು ಸೇರು' ಎಂದಿದ್ದಲ್ಲಿ ಅದು ಯಾವ ಸೇರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಿತು. ಇಂದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಜಾರಿಯಲ್ಲಿದ್ದು, 2011ರ ಏಪ್ರಿಲ್ 1ರಿಂದ ಅನ್ವಯವಾಗಿದೆ. ಪ್ರಮಾಣಿತ ಮಾನಗಳಲ್ಲದೆ ಬೇರೆ ಮಾನದಲ್ಲಿ ದರ ನಮೂದಿಸುವುದನ್ನು ಅದು ನಿಷೇಧಿಸುತ್ತದೆ. ಕಡಲೆಪುರಿಯನ್ನು ಸೇರಿನಲ್ಲಿ ಅಳೆದು ಕೊಡುವ ರೂಢಿ ಮಾತ್ರ ಬೀದಿಗಳಲ್ಲಿ ಇನ್ನೂ ಉಳಿದಿದೆ.

ನೀರಿನ ಲೆಕ್ಕದ ತೊಡಕು

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅದೇ ಪಾತ್ರೆಗೆ ಮಟ್ಟವಾಗಿ ತುಂಬಿದ ಅಕ್ಕಿ ಸುಮಾರು 800ರಿಂದ 850 ಗ್ರಾಂ ಮಾತ್ರ ತೂಗುತ್ತದೆ. ಹಿಟ್ಟು ಇದಕ್ಕಿಂತ ಹಗುರ. ತೆಳು ಅವಲಕ್ಕಿ ಇನ್ನೂ ಹಗುರ. 'ಒಂದಕ್ಕೆ ಎರಡು' ಎಂಬ ನೀರಿನ ಲೆಕ್ಕ ಅಳತೆಯದು. ಒಂದು ಲೀಟರ್ ಅಕ್ಕಿ 820 ಗ್ರಾಂ ತೂಗಿದರೆ, ಒಂದು ಕಿಲೋ ಅಕ್ಕಿಗೆ ಬೇಕಾಗುವ ನೀರು ಸುಮಾರು 2.44 ಲೀಟರ್. ತೂಕಕ್ಕೆ ಬದಲಾಯಿಸಿದವರು ಎರಡೇ ಲೀಟರ್ ಸುರಿದರೆ ಹತ್ತು ಕಿಲೋ ಅಕ್ಕಿಗೆ ನಾಲ್ಕು ಲೀಟರಿಗೂ ಮೀರಿ ನೀರು ಕಡಿಮೆಯಾಗಿ ಅನ್ನ ಗಟ್ಟಿಯಾಗುತ್ತದೆ. ತಪ್ಪು ಅಕ್ಕಿಯದಲ್ಲ, ಲೆಕ್ಕದ್ದು.

ಇಡ್ಲಿಯ ಅಕ್ಕಿಗೂ ಉದ್ದಿನ ಬೇಳೆಗೂ ಅಳತೆಯ ತೂಕ ಹತ್ತಿರಹತ್ತಿರವಿರುವುದರಿಂದ ಮೂರಕ್ಕೊಂದು ಎಂಬ ಪ್ರಮಾಣ ತೂಕದಲ್ಲಿಯೂ ಹೆಚ್ಚು ಕೆಡುವುದಿಲ್ಲ. ಅದಕ್ಕೆ ಸೇರಿಸುವ ಅವಲಕ್ಕಿಯನ್ನು ಮಾತ್ರ ಪ್ರತ್ಯೇಕವಾಗಿ ತೂಗಲೇಬೇಕು.

ಪಟ್ಟಿ ತಯಾರಿಸುವ ಕ್ರಮ

ಸಿದ್ಧ ಪಟ್ಟಿಗಳನ್ನು ನಂಬುವುದಕ್ಕಿಂತ ತಮ್ಮದೇ ಪಟ್ಟಿ ತಯಾರಿಸಿಕೊಳ್ಳುವುದು ಲೇಸು.

1. ದಿನನಿತ್ಯ ಬಳಸುವ ಪಾವನ್ನೇ ಆಯ್ದು, ಬರಿಯ ಪಾವಿನ ತೂಕವನ್ನು ಬರೆದಿಡಬೇಕು.
2. ಧಾನ್ಯವನ್ನು ಕುಲುಕದೆ, ಒತ್ತದೆ ತುಂಬಿ, ಮೇಲಿನ ರಾಶಿಯನ್ನು ಪಟ್ಟಿಯಿಂದ ಸವರಿ ಮಟ್ಟಮಾಡಬೇಕು.
3. ಐದು ಬಾರಿ ತೂಗಿ, ಪಾವಿನ ತೂಕ ಕಳೆದು, ಸರಾಸರಿ ತೆಗೆಯಬೇಕು.
4. ಪ್ರತಿಯೊಂದು ಪದಾರ್ಥಕ್ಕೂ, ತಳಿ ಅಥವಾ ಹಿಟ್ಟಿನ ನುಣುಪು ಬದಲಾದಾಗಲೂ ಹೊಸದಾಗಿ ತೂಗಬೇಕು.
5. ತಕ್ಕಡಿಗೆ ನಿಯತಕಾಲದಲ್ಲಿ ಇಲಾಖೆಯ ಪರಿಶೀಲನೆ ಹಾಗೂ ಮುದ್ರೆ ಆಗಿರಬೇಕು.

ಗಳಿಕೆ ಎಷ್ಟು?

ಪಾವಿನ ಮೇಲೆ ಏಳುವ ರಾಶಿಯಿಂದ ಪಾವಿಗೆ 15 ಗ್ರಾಂ ಹೆಚ್ಚು ಹೋಗುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 40 ಪಾವು ಬಳಸುವ ಹೋಟೆಲಿನಲ್ಲಿ ಇದು 600 ಗ್ರಾಂ. 26 ದಿನಗಳಿಗೆ 15.6 ಕಿಲೋ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಚಿಕ್ಕ ಹೋಟೆಲಿಗೆ ಇದು ಅಲಕ್ಷಿಸುವ ಮೊತ್ತವಲ್ಲ.

ಸಿದ್ಧ ಮಿಶ್ರಣ ತಯಾರಿಸುವವರು ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಪೊಟ್ಟಣದ ಮೇಲೆ ನಿವ್ವಳ ತೂಕವನ್ನು ಗ್ರಾಂನಲ್ಲಿ ಮುದ್ರಿಸಿ, ತಯಾರಿಸುವ ವಿಧಾನದಲ್ಲಿ 'ಒಂದು ಲೋಟ' ಎಂದಷ್ಟೇ ಬರೆದರೆ ಗ್ರಾಹಕರ ಮನೆಯ ಲೋಟ ಯಾವ ಗಾತ್ರದ್ದೆಂದು ಹೇಳಲಾಗದು. ಮಿಶ್ರಣಕ್ಕೆ ಗ್ರಾಂ, ನೀರಿಗೆ ಮಿಲಿಲೀಟರ್ ನಮೂದಿಸಿದರೆ ದೂರು ಕಡಿಮೆಯಾಗುತ್ತದೆ. ಪಾವನ್ನು ಎಸೆಯಬೇಕಾಗಿಲ್ಲ, ಅದರ ತೂಕ ಗೊತ್ತಿದ್ದರೆ ಸಾಕು.