ಡೇಟಾಬೇಸ್ ಸರ್ವರ್‌ನ ಆರಂಭ ವೈಫಲ್ಯ

ಡೇಟಾಬೇಸ್ ಸರ್ವರ್‌ನ ಆರಂಭ ವೈಫಲ್ಯ ಎಂದರೆ ದತ್ತಸಂಚಯವನ್ನು ನಿರ್ವಹಿಸುವ ತಂತ್ರಾಂಶವು ಚಾಲನೆಗೊಂಡರೂ ಬಳಕೆದಾರರಿಗೆ ಸೇವೆ ಒದಗಿಸುವ ಹಂತವನ್ನು ತಲುಪುವ ಮೊದಲೇ ನಿಂತುಹೋಗುವ ಸ್ಥಿತಿ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಕ್ಯುಎಲ್ ಮೊದಲಾದ ಎಲ್ಲ ಪ್ರಮುಖ ಡೇಟಾಬೇಸ್ ವ್ಯವಸ್ಥೆಗಳಲ್ಲಿಯೂ ಇದು ಕಂಡುಬರುತ್ತದೆ. ಇದರ ಕಾರಣಗಳನ್ನು ಸ್ಥೂಲವಾಗಿ ಎರಡು ವಿಧಗಳಾಗಿ ವಿಂಗಡಿಸಬಹುದು. ಸಂರಚನೆಯ ತಪ್ಪು, ತುಂಬಿದ ಡಿಸ್ಕ್, ಅನುಮತಿಯ ಕೊರತೆ ಮುಂತಾದ ಹೊರಗಿನ ಕಾರಣಗಳು ಮೊದಲನೆಯ ವಿಧ. ಸಂಗ್ರಹಿತ ದತ್ತಾಂಶಕ್ಕೇ ಆಗಿರುವ ಹಾನಿ ಎರಡನೆಯ ವಿಧ. ಮೊದಲನೆಯ ವಿಧದಲ್ಲಿ ದತ್ತಾಂಶವು ಸುರಕ್ಷಿತವಾಗಿಯೇ ಇರುತ್ತದೆ. ಆದರೆ ಕಾರಣವನ್ನು ತಿಳಿಯದೆ ಕೈಗೊಂಡ ಅವಸರದ ದುರಸ್ತಿಯಿಂದ ಮೊದಲನೆಯ ವಿಧದ ತೊಂದರೆಯು ಎರಡನೆಯ ವಿಧದ್ದಾಗಿ ಮಾರ್ಪಡುವ ಸಾಧ್ಯತೆ ಇದೆ. ಆದುದರಿಂದ ದೋಷವಾರ್ತೆಯನ್ನು ಓದುವುದು, ಕಡತಗಳ ಪ್ರತಿಯನ್ನು ತೆಗೆದಿರಿಸುವುದು, ಆನಂತರವೇ ದುರಸ್ತಿಗೆ ಕೈಹಾಕುವುದು ಎಂಬ ಕ್ರಮವು ಈ ವಿಷಯದಲ್ಲಿ ಮುಖ್ಯವಾಗಿದೆ.

ಆರಂಭದ ವೇಳೆ ನಡೆಯುವ ಕಾರ್ಯಗಳು

ಡೇಟಾಬೇಸ್ ಸರ್ವರ್ ಆರಂಭವಾಗುವಾಗ ಸಂರಚನಾ ಕಡತವನ್ನು ಓದುತ್ತದೆ, ದತ್ತಾಂಶವಿರುವ ಕಡತಕೋಶವನ್ನು ತೆರೆಯುತ್ತದೆ, ಅದೇ ಕಡತಗಳನ್ನು ಮತ್ತೊಂದು ಸರ್ವರ್ ಬಳಸದಂತೆ ಬೀಗ ಹಾಕಿಕೊಳ್ಳುತ್ತದೆ, ಬೇಕಾದ ಮೆಮೊರಿಯನ್ನು ಪಡೆಯುತ್ತದೆ ಮತ್ತು ಸಂಪರ್ಕಗಳಿಗಾಗಿ ಒಂದು ಪೋರ್ಟನ್ನು ತೆರೆಯುತ್ತದೆ. ಈ ಕಾರ್ಯಗಳ ಅನುಕ್ರಮವು ತಂತ್ರಾಂಶದಿಂದ ತಂತ್ರಾಂಶಕ್ಕೆ ಸ್ವಲ್ಪ ಬದಲಾಗುತ್ತದೆ. ಸರ್ವರ್ ಹಿಂದಿನ ಬಾರಿ ಕ್ರಮಬದ್ಧವಾಗಿ ಮುಚ್ಚದೆ ಹಠಾತ್ತನೆ ನಿಂತಿದ್ದರೆ, ಇವುಗಳ ಜೊತೆಗೆ ಚೇತರಿಕೆ ಎಂಬ ಇನ್ನೊಂದು ಕಾರ್ಯವೂ ನಡೆಯಬೇಕಾಗುತ್ತದೆ.

ಚೇತರಿಕೆಯನ್ನು ಅಂಗಡಿಯ ಲೆಕ್ಕದ ಉದಾಹರಣೆಯಿಂದ ಅರ್ಥಮಾಡಿಕೊಳ್ಳಬಹುದು. ವ್ಯಾಪಾರಿಯು ಪ್ರತಿ ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಬರೆದು, ಬಿಡುವಾದಾಗ ಆಯಾ ಗಿರಾಕಿಯ ಖಾತೆ ಪುಸ್ತಕಕ್ಕೆ ವರ್ಗಾಯಿಸುತ್ತಾನೆ. ವರ್ಗಾವಣೆಯ ನಡುವೆ ಕೆಲಸ ನಿಂತುಹೋದರೂ ದಿನವಹಿಯನ್ನು ನೋಡಿ ಖಾತೆಯನ್ನು ಪೂರ್ಣಗೊಳಿಸಬಹುದು. ಡೇಟಾಬೇಸ್ ಕೂಡ ಪ್ರತಿ ಬದಲಾವಣೆಯನ್ನು ಮುಂಗಡವಾಗಿ ಒಂದು ದಾಖಲೆಯಲ್ಲಿ ಬರೆದು, ಮೂಲ ದತ್ತಾಂಶ ಕಡತಗಳನ್ನು ನಂತರ ಬದಲಿಸುತ್ತದೆ. ಈ ದಾಖಲೆಗೆ ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಸಂಗ್ರಹ ವ್ಯವಸ್ಥೆಯಲ್ಲಿ ರೀಡೂ ಲಾಗ್ ಎಂದೂ ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ವಾಲ್ ಎಂದೂ ಹೆಸರು. ವಿದ್ಯುತ್ ಕಡಿತದಿಂದ ಯಂತ್ರ ನಿಂತರೆ, ಮುಂದಿನ ಆರಂಭದಲ್ಲಿ ಸರ್ವರ್ ಈ ದಾಖಲೆಯನ್ನು ಓದಿ ಬಾಕಿ ಉಳಿದ ಬದಲಾವಣೆಗಳನ್ನು ಮೂಲ ಕಡತಗಳಿಗೆ ಅನ್ವಯಿಸುತ್ತದೆ.

ಈ ವಿಧಾನದ ಪ್ರಸಿದ್ಧ ರೂಪವಾದ ಏರೀಸ್ ಎಂಬ ಕ್ರಮವನ್ನು ಐಬಿಎಂ ಸಂಸ್ಥೆಯ ಸಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಇದರಲ್ಲಿ ಪರಿಶೀಲನೆ, ಮರುಅನ್ವಯ ಮತ್ತು ರದ್ದತಿ ಎಂಬ ಮೂರು ಹಂತಗಳಿವೆ. ಪೂರ್ಣಗೊಳ್ಳದ ವ್ಯವಹಾರಗಳನ್ನು ರದ್ದತಿಯ ಹಂತದಲ್ಲಿ ಹಿಂದಕ್ಕೆ ತಿರುಗಿಸಲಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಹಳೆಯ ಸಾಲುಗಳು ಮೂಲ ಕೋಷ್ಟಕದಲ್ಲಿಯೇ ಉಳಿದಿರುವುದರಿಂದ ಚೇತರಿಕೆಯ ವೇಳೆ ಪ್ರತ್ಯೇಕ ರದ್ದತಿಯ ಹಂತವಿಲ್ಲ.

ಸಾಮಾನ್ಯ ಕಾರಣಗಳು

ಸಂರಚನೆಯ ದೋಷ: ಸಂರಚನಾ ಕಡತದಲ್ಲಿ ಸರ್ವರ್‌ಗೆ ತಿಳಿಯದ ಒಂದೇ ಒಂದು ಆಯ್ಕೆಯಿದ್ದರೂ ಅದು ಆರಂಭವಾಗಲು ನಿರಾಕರಿಸಬಹುದು. ಮೈಎಸ್‌ಕ್ಯುಎಲ್ 8.0 ಆವೃತ್ತಿಯಲ್ಲಿ ಕ್ವೆರಿ ಕ್ಯಾಶ್ ಎಂಬ ಸೌಲಭ್ಯವನ್ನು ತೆಗೆದುಹಾಕಲಾಯಿತು. 5.7ರ ಕಾಲದ ಸಂರಚನಾ ಕಡತದಲ್ಲಿ ಅದರ ಗಾತ್ರವನ್ನು ಸೂಚಿಸುವ ಸಾಲು ಉಳಿದಿದ್ದರೆ ಹೊಸ ಸರ್ವರ್ ಆ ಸಾಲನ್ನು ಅಪರಿಚಿತವೆಂದು ವರದಿ ಮಾಡಿ ನಿಲ್ಲುತ್ತದೆ. ಆ ಸಾಲನ್ನು ತೆಗೆದರೆ ಸಾಕು. ದತ್ತಾಂಶಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ.

ತುಂಬಿದ ಡಿಸ್ಕ್: ಚೇತರಿಕೆಗೂ ತಾತ್ಕಾಲಿಕ ಕಡತಗಳಿಗೂ ಸ್ಥಳ ಬೇಕು. ಡಿಸ್ಕ್ ತುಂಬಿದ್ದರಿಂದ ನಿಂತ ಸರ್ವರ್, ಅದೇ ಕಾರಣದಿಂದ ಮತ್ತೆ ಏಳಲಾರದು. ಡಿಸ್ಕ್‌ನಲ್ಲಿ ಸ್ಥಳವಿದ್ದೂ ಕಡತಗಳ ಸಂಖ್ಯೆಯ ಮಿತಿ ಮುಗಿದಿರುವ ಸಂದರ್ಭವೂ ಉಂಟು.

ಅನುಮತಿ ಮತ್ತು ಒಡೆತನ: ಆಡಳಿತ ಖಾತೆಯಿಂದ ಕಡತಗಳನ್ನು ನಕಲು ಮಾಡಿದಾಗ ಅವುಗಳ ಒಡೆತನ ಬದಲಾಗಿ, ಡೇಟಾಬೇಸ್‌ನ ಖಾತೆಗೆ ಅವುಗಳನ್ನು ತೆರೆಯಲಾಗದಿರಬಹುದು. ಪೋಸ್ಟ್‌ಗ್ರೆಸ್‌ಕ್ಯುಎಲ್ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನೂ ಒಪ್ಪುವುದಿಲ್ಲ: ದತ್ತಾಂಶದ ಕಡತಕೋಶವು ಇತರ ಬಳಕೆದಾರರೆಲ್ಲರಿಗೂ ತೆರೆದಿದ್ದರೆ ಅದು ಆರಂಭವಾಗುವುದಿಲ್ಲ. ಉಬುಂಟುವಿನ ಆಪ್‌ಆರ್ಮರ್, ರೆಡ್ ಹ್ಯಾಟ್‌ನ ಎಸ್‌ಇ-ಲಿನಕ್ಸ್ ಎಂಬ ರಕ್ಷಣಾ ವ್ಯವಸ್ಥೆಗಳು, ದತ್ತಾಂಶವನ್ನು ಹೊಸ ಸ್ಥಳಕ್ಕೆ ಸಾಗಿಸಿದಾಗ ಅಲ್ಲಿಗೆ ಪ್ರವೇಶವನ್ನು ತಡೆಯಬಹುದು.

ಮೆಮೊರಿಯ ಕೊರತೆ: ಯಂತ್ರದಲ್ಲಿರುವುದಕ್ಕಿಂತ ಹೆಚ್ಚಿನ ಮೆಮೊರಿಯನ್ನು ಸಂರಚನೆಯಲ್ಲಿ ಕೇಳಿದ್ದರೆ ಸರ್ವರ್ ಅದನ್ನು ಪಡೆಯಲು ವಿಫಲವಾಗಬಹುದು, ಇಲ್ಲವೇ ಲಿನಕ್ಸ್ ತಾನಾಗಿಯೇ ಆ ಪ್ರಕ್ರಿಯೆಯನ್ನು ಕೊನೆಗೊಳಿಸಬಹುದು. ಎರಡನೆಯ ಸಂದರ್ಭದಲ್ಲಿ ಸರ್ವರ್‌ಗೆ ಒಂದು ಸಾಲನ್ನೂ ಬರೆಯಲು ಅವಕಾಶವಿರುವುದಿಲ್ಲ. ಅದರ ದೋಷದಾಖಲೆಯು ಅರ್ಧದಲ್ಲಿಯೇ ನಿಂತಿರುತ್ತದೆ. ನಿಜವಾದ ಕಾರಣವು ಕಾರ್ಯಾಚರಣ ವ್ಯವಸ್ಥೆಯ ದಾಖಲೆಯಲ್ಲಿ ಸಿಗುತ್ತದೆ.

ಪೋರ್ಟ್ ಮತ್ತು ಬೀಗ: ಮೈಎಸ್‌ಕ್ಯುಎಲ್ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಸ್‌ಕ್ಯುಎಲ್ 5432 ಸಂಖ್ಯೆಯ ಪೋರ್ಟನ್ನು ಬಳಸುತ್ತದೆ. ಹಿಂದಿನ ಸರ್ವರ್ ಪ್ರಕ್ರಿಯೆ ಇನ್ನೂ ಜೀವಂತವಾಗಿದ್ದರೆ ಹೊಸದಕ್ಕೆ ಆ ಪೋರ್ಟ್ ದೊರೆಯುವುದಿಲ್ಲ. ಹಿಂದಿನ ಪ್ರಕ್ರಿಯೆಯು ನಿಂತಿರುವುದನ್ನು ಖಚಿತಪಡಿಸಿಕೊಳ್ಳದೆ ಬೀಗದ ಕಡತವನ್ನು ಅಳಿಸಬಾರದು. ಒಂದೇ ದತ್ತಾಂಶದ ಮೇಲೆ ಎರಡು ಸರ್ವರ್‌ಗಳು ಬರೆಯತೊಡಗಿದರೆ ಆಗುವ ಹಾನಿಯನ್ನು ಸರಿಪಡಿಸುವುದು ಬಹಳ ಕಷ್ಟ.

ಆವೃತ್ತಿಯ ವ್ಯತ್ಯಾಸ: ಪೋಸ್ಟ್‌ಗ್ರೆಸ್‌ಕ್ಯುಎಲ್‌ನ ಒಂದು ಪ್ರಧಾನ ಆವೃತ್ತಿಯ ಕಡತಗಳನ್ನು ಮತ್ತೊಂದು ಪ್ರಧಾನ ಆವೃತ್ತಿಯು ನೇರವಾಗಿ ತೆರೆಯುವುದಿಲ್ಲ. ಮೈಎಸ್‌ಕ್ಯುಎಲ್ 8.0ಕ್ಕೆ ಒಮ್ಮೆ ಪರಿವರ್ತಿತವಾದ ದತ್ತಾಂಶವನ್ನು 5.7ರ ಸರ್ವರ್‌ನಿಂದ ಮತ್ತೆ ಬಳಸಲು ಬರುವುದಿಲ್ಲ.

ಕಾಲಮಿತಿ: ಲಿನಕ್ಸ್‌ನ ಸಿಸ್ಟಮ್‌ಡಿ ವ್ಯವಸ್ಥೆಯು ಬೇರೆ ಸೂಚನೆ ಇಲ್ಲದಿದ್ದರೆ ಒಂದು ಸೇವೆಯ ಆರಂಭಕ್ಕೆ 90 ಸೆಕೆಂಡುಗಳ ಅವಧಿ ನೀಡುತ್ತದೆ. ದೊಡ್ಡ ಡೇಟಾಬೇಸ್‌ನ ಚೇತರಿಕೆಗೆ ಇದಕ್ಕಿಂತ ಹೆಚ್ಚು ಸಮಯ ಬೇಕಾಗಬಹುದು. ಆಗ ಸರಿಯಾಗಿಯೇ ಕೆಲಸ ಮಾಡುತ್ತಿರುವ ಸರ್ವರನ್ನು ನಡುವೆಯೇ ನಿಲ್ಲಿಸಲಾಗುತ್ತದೆ. ಪ್ರತಿ ಸಲವೂ ಅದೇ ಪುನರಾವರ್ತನೆಯಾಗುತ್ತದೆ. ಇಲ್ಲಿ ಬೇಕಾಗಿರುವುದು ದುರಸ್ತಿಯಲ್ಲ, ಕಾಲಮಿತಿಯ ವಿಸ್ತರಣೆ.

ದತ್ತಾಂಶದ ಹಾನಿ: ಇನ್ನೋಡಿಬಿ ಸಾಮಾನ್ಯವಾಗಿ 16 ಕಿಲೋಬೈಟ್‌ಗಳ, ಪೋಸ್ಟ್‌ಗ್ರೆಸ್‌ಕ್ಯುಎಲ್ 8 ಕಿಲೋಬೈಟ್‌ಗಳ ಪುಟಗಳಲ್ಲಿ ದತ್ತಾಂಶವನ್ನು ಇಡುತ್ತದೆ. ಅರ್ಧ ಬರೆದ ಪುಟಗಳಿಂದ ರಕ್ಷಿಸಿಕೊಳ್ಳಲು ಎರಡರಲ್ಲಿಯೂ ವ್ಯವಸ್ಥೆ ಇದೆ. ಆದರೂ ಡಿಸ್ಕ್‌ನ ದೋಷದಿಂದಾಗಲಿ ಬರೆದದ್ದನ್ನು ಉಳಿಸದೆಯೇ ಉಳಿಸಿದೆನೆಂದು ತಿಳಿಸುವ ಯಂತ್ರಾಂಶದಿಂದಾಗಲಿ ಪುಟಗಳು ಕೆಡಬಹುದು. ಡಿಸ್ಕ್‌ಗೆ ಬರೆಯುವ ಒಂದು ಪ್ರಯತ್ನ ವಿಫಲವಾದ ಬಳಿಕ ಲಿನಕ್ಸ್ ಮುಂದಿನ ಕೋರಿಕೆಗೆ ಯಶಸ್ಸಿನ ಉತ್ತರವನ್ನು ಕೊಡಬಹುದೆಂಬುದು 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಅಭಿವೃದ್ಧಿಕಾರರ ನಡುವೆ ದೊಡ್ಡ ಚರ್ಚೆಗೆ ಕಾರಣವಾಯಿತು. 2019ರಿಂದ ಅಂತಹ ವೈಫಲ್ಯ ಎದುರಾದರೆ ಪೋಸ್ಟ್‌ಗ್ರೆಸ್‌ಕ್ಯುಎಲ್ ತಾನೇ ನಿಂತು, ದಾಖಲೆಯಿಂದ ಚೇತರಿಸಿಕೊಳ್ಳುತ್ತದೆ. ಹೀಗೆ ಸರ್ವರ್ ನಿಲ್ಲುವುದೇ ಕೆಲವೊಮ್ಮೆ ದತ್ತಾಂಶವನ್ನು ರಕ್ಷಿಸುವ ಕ್ರಮವಾಗಿರುತ್ತದೆ.

ತನಿಖೆಯ ಕ್ರಮ

ಮೊದಲನೆಯದಾಗಿ, ಸ್ವಯಂಚಾಲಿತ ಮರುಆರಂಭವನ್ನು ನಿಲ್ಲಿಸಲಾಗುತ್ತದೆ. ಇಲ್ಲವಾದರೆ ಪ್ರತಿ ಪ್ರಯತ್ನದ ವಾರ್ತೆಗಳು ಒಂದರ ಮೇಲೊಂದು ಬಂದು ಮೂಲ ಕಾರಣ ಮರೆಯಾಗುತ್ತದೆ. ಸೇವೆ ವಿಫಲವಾಗಿದೆ ಎಂದಷ್ಟೇ ಹೇಳುವ ಸಿಸ್ಟಮ್‌ಡಿ ಸಂದೇಶ ಸಾಲದು; ಡೇಟಾಬೇಸ್‌ನ ಸ್ವಂತ ದೋಷದಾಖಲೆಯನ್ನು ಓದಬೇಕಾಗುತ್ತದೆ. ಅದರಲ್ಲಿ ಕೊನೆಯ ಪ್ರಯತ್ನ ಎಲ್ಲಿಂದ ಆರಂಭವಾಗಿದೆ ಎಂಬುದನ್ನು ಗುರುತಿಸಿ, ಅಲ್ಲಿಂದ ಮುಂದೆ ಕಾಣುವ ಮೊದಲ ದೋಷವನ್ನು ಗಮನಿಸಲಾಗುತ್ತದೆ. ನಂತರದ ಸಾಲುಗಳು ಬಹುಮಟ್ಟಿಗೆ ಆ ಮೊದಲ ದೋಷದ ಪರಿಣಾಮಗಳಷ್ಟೇ.

ದೋಷದಾಖಲೆಯಲ್ಲಿ ಸಂಕೇತ ಸಂಖ್ಯೆಗಳಿದ್ದರೆ ಅವೂ ಸುಳಿವು ನೀಡುತ್ತವೆ. ಲಿನಕ್ಸ್‌ನಲ್ಲಿ 9ನೆಯ ಸಂಕೇತವು ಪ್ರಕ್ರಿಯೆಯನ್ನು ಹೊರಗಿನಿಂದ ಬಲವಂತವಾಗಿ ಕೊನೆಗೊಳಿಸಲಾಗಿದೆ ಎಂಬುದನ್ನೂ, 11ನೆಯದು ಪ್ರಕ್ರಿಯೆಯು ತನಗೆ ಸೇರದ ಮೆಮೊರಿಯನ್ನು ಮುಟ್ಟಿತೆಂಬುದನ್ನೂ ಸೂಚಿಸುತ್ತದೆ. ಎರಡನೆಯದು ತಂತ್ರಾಂಶದ ದೋಷದಿಂದ, ಕೆಟ್ಟ ದತ್ತಾಂಶದಿಂದ ಅಥವಾ ದೋಷಯುಕ್ತ ಮೆಮೊರಿಯಿಂದ ಉಂಟಾಗಬಹುದು.

ದತ್ತಾಂಶಕ್ಕೆ ಹಾನಿಯಾಗಿರುವ ಶಂಕೆಯಿದ್ದಲ್ಲಿ, ಸರ್ವರ್ ನಿಂತಿರುವಾಗಲೇ ಇಡೀ ಕಡತಕೋಶವನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಲಾಗುತ್ತದೆ. ಮುಂದಿನ ಪ್ರಯೋಗಗಳು ವಿಫಲವಾದರೂ ಮೊದಲಿನ ಸ್ಥಿತಿಗೆ ಮರಳಲು ಈ ಪ್ರತಿಯೇ ಆಧಾರ. ಆ ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಫಲಿತಾಂಶವನ್ನು ಪರಿಶೀಲಿಸಲಾಗುತ್ತದೆ.

ದಾಖಲೆ ಕಡತಗಳನ್ನು ಅಳಿಸುವ ಅಪಾಯ

ಡಿಸ್ಕ್ ತುಂಬಿದಾಗ ಲಾಗ್ ಎಂಬ ಹೆಸರಿನ ಕಡತಗಳನ್ನು ಅಳಿಸುವುದು ಸಾಮಾನ್ಯ ಅಭ್ಯಾಸ. ಆದರೆ ಡೇಟಾಬೇಸ್‌ನ ಮುಂಗಡ ದಾಖಲೆಯು ಓದಿ ಬಿಸಾಡುವ ವರದಿಯಲ್ಲ, ದತ್ತಾಂಶದ್ದೇ ಒಂದು ಭಾಗ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಈ ದಾಖಲೆಗಳಿದ್ದ ಕಡತಕೋಶದ ಹೆಸರು ಮೊದಲು ಪಿಜಿ-ಎಕ್ಸ್‌ಲಾಗ್ ಎಂದಿತ್ತು. ಹೆಸರನ್ನು ನೋಡಿ ಸಾಮಾನ್ಯ ಲಾಗ್ ಎಂದು ತಿಳಿದು ಕೆಲವರು ಅದನ್ನು ಅಳಿಸುತ್ತಿದ್ದುದರಿಂದ, 2017ರಲ್ಲಿ ಬಿಡುಗಡೆಯಾದ 10ನೆಯ ಆವೃತ್ತಿಯಲ್ಲಿ ಆ ಹೆಸರನ್ನು ಪಿಜಿ-ವಾಲ್ ಎಂದು ಬದಲಿಸಲಾಯಿತು.

ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಗಳಲ್ಲಿ ರೀಡೂ ಲಾಗ್‌ನ ಗಾತ್ರವನ್ನು ಬದಲಿಸಲು, ಸರ್ವರನ್ನು ಕ್ರಮಬದ್ಧವಾಗಿ ಮುಚ್ಚಿದ ಬಳಿಕ ಆ ಕಡತಗಳನ್ನು ತೆಗೆಯಬೇಕಾಗಿತ್ತು. ಇದೇ ಕ್ರಮವನ್ನು ಹಠಾತ್ತನೆ ನಿಂತ ಸರ್ವರ್‌ಗೆ ಅನ್ವಯಿಸಿದರೆ, ಮೂಲ ಕಡತಗಳಿಗೆ ಇನ್ನೂ ಸೇರದ ಬದಲಾವಣೆಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಡಿಸ್ಕ್ ತುಂಬಿದ ಸಂದರ್ಭದಲ್ಲಿ ಡೇಟಾಬೇಸ್‌ಗೆ ಸಂಬಂಧಿಸದ ಕಡತಗಳನ್ನು ತೆರವುಗೊಳಿಸುವುದು ಅಥವಾ ಡಿಸ್ಕ್‌ನ ಗಾತ್ರವನ್ನು ಹೆಚ್ಚಿಸುವುದು ಸುರಕ್ಷಿತ ಮಾರ್ಗ.

ಬಲವಂತದ ಆರಂಭ

ಹಾನಿಗೊಂಡ ಡೇಟಾಬೇಸ್‌ನಿಂದ ಉಳಿದ ದತ್ತಾಂಶವನ್ನು ಹೊರತೆಗೆಯಲು ಕೆಲವು ಕೊನೆಯ ಉಪಾಯಗಳಿವೆ. ಇನ್ನೋಡಿಬಿಯಲ್ಲಿ ಫೋರ್ಸ್ ರಿಕವರಿ ಎಂಬ ಆಯ್ಕೆಗೆ 1ರಿಂದ 6ರವರೆಗಿನ ಮೌಲ್ಯಗಳನ್ನು ನೀಡಬಹುದು. ಮೌಲ್ಯ ಹೆಚ್ಚಿದಂತೆ ಆರಂಭದ ಹೆಚ್ಚು ಹಂತಗಳನ್ನು ಕೈಬಿಡಲಾಗುತ್ತದೆ. 1 ಎಂದರೆ ಕೆಟ್ಟ ಪುಟ ಕಂಡರೂ ಮುಂದುವರಿಯುವುದು. 3 ಎಂದರೆ ಅಪೂರ್ಣ ವ್ಯವಹಾರಗಳ ರದ್ದತಿಯನ್ನು ಬಿಡುವುದು. 6 ಎಂದರೆ ರೀಡೂ ಲಾಗ್‌ನ ಅನ್ವಯವನ್ನೇ ಬಿಡುವುದು. 4 ಮತ್ತು ಅದಕ್ಕೂ ಹೆಚ್ಚಿನ ಮೌಲ್ಯಗಳು ದತ್ತಾಂಶ ಕಡತಗಳನ್ನು ಶಾಶ್ವತವಾಗಿ ಕೆಡಿಸಬಲ್ಲವು. ಆದುದರಿಂದ 1ರಿಂದ ಆರಂಭಿಸಿ, ಅಗತ್ಯವಿದ್ದಷ್ಟೇ ಏರಿಸುತ್ತ ಹೋಗಲಾಗುತ್ತದೆ.

ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಮುಂಗಡ ದಾಖಲೆಯನ್ನು ಹೊಸದಾಗಿ ಸ್ಥಾಪಿಸುವ ಪಿಜಿ-ರೀಸೆಟ್‌ವಾಲ್ ಎಂಬ ಸಾಧನವಿದೆ. ಇದನ್ನು ಬಳಸಿದ ಬಳಿಕ ಸರ್ವರ್ ಏಳಬಹುದು. ಆದರೆ ಅರ್ಧ ಪೂರ್ಣಗೊಂಡ ವ್ಯವಹಾರಗಳಿಂದಾಗಿ ಕೋಷ್ಟಕಗಳ ನಡುವೆ ಹೊಂದಾಣಿಕೆ ತಪ್ಪಿರಬಹುದು. ಎರಡೂ ವ್ಯವಸ್ಥೆಗಳಲ್ಲಿ ಬಲವಂತದ ಆರಂಭದ ಉದ್ದೇಶ ಒಂದೇ: ದತ್ತಾಂಶವನ್ನು ರಫ್ತು ಮಾಡಿಕೊಂಡು, ಹೊಸದಾಗಿ ಸ್ಥಾಪಿಸಿದ ಡೇಟಾಬೇಸ್‌ಗೆ ತುಂಬುವುದು. ಹಾಗೆ ಎದ್ದ ಸರ್ವರನ್ನು ದಿನನಿತ್ಯದ ಕೆಲಸಕ್ಕೆ ಮುಂದುವರಿಸುವುದು ಸೂಕ್ತವಲ್ಲ.

ತಡೆಗಟ್ಟುವಿಕೆ

ಡಿಸ್ಕ್‌ನ ಖಾಲಿ ಸ್ಥಳವನ್ನು ಗಮನಿಸುತ್ತಿರುವುದು, ಸಂರಚನೆಯ ಬದಲಾವಣೆಯನ್ನು ಮೊದಲೇ ಪರೀಕ್ಷಿಸುವುದು ಹಲವು ವೈಫಲ್ಯಗಳನ್ನು ತಡೆಯುತ್ತದೆ. ಸಂರಚನೆಯನ್ನು ಸರ್ವರ್ ನಡೆಸದೆಯೇ ಪರಿಶೀಲಿಸುವ ಸೌಲಭ್ಯವು ಮೈಎಸ್‌ಕ್ಯುಎಲ್ 8.0.16ರಿಂದ ಲಭ್ಯವಿದೆ. ಕೆಟ್ಟ ಪುಟಗಳನ್ನು ಬೇಗನೆ ಗುರುತಿಸುವ ಚೆಕ್‌ಸಮ್ ವ್ಯವಸ್ಥೆಯು ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ 2013ರ 9.3 ಆವೃತ್ತಿಯಿಂದ ಐಚ್ಛಿಕವಾಗಿತ್ತು. 2025ರ 18ನೆಯ ಆವೃತ್ತಿಯಿಂದ ಹೊಸ ಡೇಟಾಬೇಸ್‌ಗಳಲ್ಲಿ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಬ್ಯಾಕಪ್ ಮತ್ತು ಅದರ ಪರೀಕ್ಷೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಪ್ರತಿರೂಪ ಸರ್ವರ್‌ನ ತೊಂದರೆಯನ್ನು ಸರಿಪಡಿಸುತ್ತಿದ್ದಾಗ ಮುಖ್ಯ ಸರ್ವರ್‌ನ ದತ್ತಾಂಶವು ತಪ್ಪಾಗಿ ಅಳಿಸಿಹೋಯಿತು. ಆವೃತ್ತಿಯ ವ್ಯತ್ಯಾಸದಿಂದಾಗಿ ದೈನಂದಿನ ಬ್ಯಾಕಪ್ ನಡೆಯುತ್ತಲೇ ಇರಲಿಲ್ಲವೆಂಬುದು ಆಗ ಬೆಳಕಿಗೆ ಬಂದಿತು. ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಮತ್ತೊಂದು ಪ್ರತಿಯಿಂದ ಸೇವೆಯನ್ನು ಪುನಃಸ್ಥಾಪಿಸಲಾಯಿತು. ಆ ಅವಧಿಯ ದತ್ತಾಂಶವು ನಷ್ಟವಾಯಿತು. ಬ್ಯಾಕಪ್‌ನಿಂದ ಆಗಾಗ ಬೇರೊಂದು ಯಂತ್ರದಲ್ಲಿ ಡೇಟಾಬೇಸನ್ನು ಪುನಃಸ್ಥಾಪಿಸಿ ನೋಡಿದಲ್ಲಿ ಮಾತ್ರ ಅದು ಬಳಕೆಗೆ ಯೋಗ್ಯವೆಂಬುದು ಖಚಿತವಾಗುತ್ತದೆ.