ಇಪ್ಪತ್ತು ಮೀಟರಿನಲ್ಲಿ ಕಳೆದುಹೋದ 8 ವೋಲ್ಟ್

ನಮ್ಮ ಕಾರನ್ನು ಸಂಜೆ ಚಾರ್ಜಿಗೆ ಹಾಕಿದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಖಾಲಿ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದರೆ 226 ವೋಲ್ಟ್, ಏನೂ ಐಬಿಲ್ಲ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. "ಹಾಗಲ್ಲ ಸಾರ್, ಕಾರು ಹಾಕಿ. ಲೋಡ್ ಬಿದ್ದ ಮೇಲೆ ನೋಡೋಣ."

ರಾತ್ರಿ ಎಂಟೂವರೆಗೆ ನೋಡಿದೆವು. ಮೀಟರ್ ಬೋರ್ಡಿನಲ್ಲಿ 212, ಕಾರ್ ಶೆಡ್ಡಿನ ಸಾಕೆಟ್ಟಿನಲ್ಲಿ 204. ಮನೆಗೆ ಬರಬೇಕಾದದ್ದು 230, ಶೇ. 10ರಷ್ಟು ಏರಿಳಿತ ಲೆಕ್ಕ ಹಾಕಿದರೂ 207ಕ್ಕಿಂತ ಇಳಿಯಬಾರದು. ಬೀದಿಯ ಲೈನು ತಗ್ಗಿದ್ದು ನಿಜ, ಆದರೆ ಉಳಿದ 8 ವೋಲ್ಟನ್ನು ತಿಂದದ್ದು ನಮ್ಮದೇ ಗೋಡೆಯೊಳಗಿನ 20 ಮೀಟರ್ ವಯರು.

2.5 ಚದರ ಮಿ.ಮೀ. ತಾಮ್ರದ ವಯರು ಹೋಗಿಬರುವ 40 ಮೀಟರಿನಲ್ಲಿ, 15 ಆಂಪಿಯರ್ ಹರಿದರೆ, ಸುಮಾರು ನಾಲ್ಕೂವರೆ ವೋಲ್ಟ್ ಕಳೆಯುತ್ತದೆ. ಅದು ನ್ಯಾಯ. ಮಿಕ್ಕ ಮೂರೂವರೆ ವೋಲ್ಟ್ ಎಲ್ಲಿ? ಸಾಕೆಟ್ಟಿನ ಮುಚ್ಚಳ ಬಿಚ್ಚಿದಾಗ ಸಿಕ್ಕಿತು: ನ್ಯೂಟ್ರಲ್ ಸ್ಕ್ರೂ ಅರ್ಧ ಸುತ್ತು ಸಡಿಲ, ಪಕ್ಕದ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿತ್ತು. ಮೂರೂವರೆಯನ್ನು 15ರಿಂದ ಗುಣಿಸಿ, 52 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಎರಡು ಸೋಲ್ಡರಿಂಗ್ ಐರನ್ನುಗಳು ಕಡಲೆಕಾಳಿನಷ್ಟು ಜಾಗದಲ್ಲಿ ಕಾಯುತ್ತಿದ್ದ ಹಾಗೆ!

ಅದೇ ಸಾಕೆಟ್ಟಿನಲ್ಲಿ ವರ್ಷಗಟ್ಟಲೆ ಮೊಬೈಲ್ ಚಾರ್ಜ್ ಮಾಡಿದ್ದೆವು, ಏನೂ ಆಗಿರಲಿಲ್ಲ. ಸಾಧಾರಣ ಮೊಬೈಲ್ ಚಾರ್ಜರ್ ಎಳೆಯುವುದು ಸುಮಾರು 0.1 ಆಂಪಿಯರ್. ಕಾರು ಎಳೆಯುವುದು ಅದರ 150 ಪಟ್ಟು. ಆದರೆ ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ 22,500 ಪಟ್ಟು! ಗೀಸರ್ ಕೂಡ ಜೋರಾಗಿ ಎಳೆಯುತ್ತದೆ, ಆದರೆ ಕಾಲು ಗಂಟೆ. 30 ಯೂನಿಟ್ಟಿನ ಬ್ಯಾಟರಿ ತುಂಬಲು ಕಾರಿಗೆ ಒಂಬತ್ತು ಗಂಟೆಗೂ ಹೆಚ್ಚು ಬೇಕು.

ಇದೇ ವರ್ಗದ ಲೆಕ್ಕ ಗೊತ್ತಿದ್ದವರು 1902ರಲ್ಲೇ ವೋಲ್ಟೇಜ್ ಏರಿಸಿ, ಕರೆಂಟು ಇಳಿಸಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ವಿದ್ಯುತ್ ಮುಟ್ಟಿಸಿದರು. ನಮ್ಮ ಮನೆಯ 20 ಮೀಟರಿಗೆ ಆ ಉಪಾಯ ನಡೆಯದು. ಇಲ್ಲಿ ದಪ್ಪ ವಯರು, ಬಿಗಿ ಸ್ಕ್ರೂ, ಎರಡೇ ದಾರಿ.

ಚಾರ್ಜರಿಗೆಂದೇ 4 ಚದರ ಮಿ.ಮೀ. ವಯರು ಎಳೆಸಿ ಸಾಕೆಟ್ ಬದಲಿಸಿದೆವು. ಆ ರಾತ್ರಿ ಬೋರ್ಡಿನಲ್ಲಿ ಮತ್ತೆ 212, ಸಾಕೆಟ್ಟಿನಲ್ಲಿ 209. ಕಾರು ಬೆಳಗಿನವರೆಗೂ ನಿಲ್ಲಲಿಲ್ಲ.

ಮನೆಯ ಕೆಲವು ದೀಪ ಮಂಕಾಗಿ ಕೆಲವು ಝಗ್ಗನೆ ಉರಿದರೆ ಅದು ಬೇರೆ ಕಥೆ, ಲೈನಿನ ನ್ಯೂಟ್ರಲ್ ಕಡಿದಿರಬಹುದು. ಮೇನ್ ಆಫ್ ಮಾಡಿ ಲೈನ್‌ಮನ್ನರಿಗೆ ಫೋನ್ ಮಾಡಿ. ಉಳಿದಂತೆ, ಮುಚ್ಚಳ ನೀವೇ ಬಿಚ್ಚಲು ಹೋಗಬೇಡಿ. ತಿಳಿದವರನ್ನು ಕರೆಸಿ, ಕಾರು ಚಾರ್ಜಿನಲ್ಲಿರುವಾಗಲೇ ಎರಡೂ ಕಡೆ ಅಳೆಸಿ.